ಪ್ರತಿಷ್ಠೆಯಿಲ್ಲದ ರಾಮನ ಅಯೋಧ್ಯೆ

ಚೆನ್ನೈಯ ಮಾಂಬಲಂ ರೈಲು ನಿಲ್ದಾಣದ ಪೂರ್ವಕ್ಕೆ ಇಳಿದರೆ ರಂಗನಾಥನ್ ಬೀದಿಯ ನೂಕುನುಗ್ಗಲು. ಪಶ್ಚಿಮಕ್ಕೆ ಇಳಿದರೆ ಬೇರೆಯೇ ಊರು: ತರಕಾರಿ ಗಾಡಿಗಳು, ಫಿಲ್ಟರ್ ಕಾಫಿಯ ಘಮ, ಕಚ್ಚೆಪಂಚೆಯಲ್ಲೇ ಸ್ಕೂಟರ್ ಏರಿ ಹೊರಟ ಪುರೋಹಿತರು. ಇಲ್ಲಿನ ಆರ್ಯಗೌಡ ರಸ್ತೆಗೆ ನೀಲಗಿರಿಯ ಬಡಗರ ನಾಯಕ ಎಚ್.ಬಿ. ಆರಿ ಗೌಡರ್ ಅವರ ಹೆಸರು. ಆ ರಸ್ತೆಯಲ್ಲಿದೆ ಅಯೋಧ್ಯಾ ಮಂಟಪ!

ಒಳಗೆ ಕಾಲಿಟ್ಟವರ ಕಣ್ಣು ಗರ್ಭಗುಡಿಯನ್ನು ಹುಡುಕುತ್ತದೆ. ಗರ್ಭಗುಡಿಯೇ ಇಲ್ಲ. ಆಗಮೋಕ್ತವಾಗಿ ಪ್ರಾಣಪ್ರತಿಷ್ಠೆಯಾದ ಮೂಲವಿಗ್ರಹವೂ ಇಲ್ಲ. ಸೀತೆ, ಲಕ್ಷ್ಮಣ, ಹನುಮಂತರೊಡನೆ ರಾಮ ಪಟದಲ್ಲಿದ್ದಾನೆ. ಪಟದೆದುರು ಭಜನೆ, ರಾಮಾಯಣದ ಉಪನ್ಯಾಸ, ಸಂಗೀತ. ನೆಲದ ಮೇಲೆ ಕೂತ ಅಜ್ಜಿಯರು ತೊಡೆ ತಟ್ಟುತ್ತಾ ನಾಮಕ್ಕೆ ದನಿಗೂಡಿಸುವಾಗ, ವಿಗ್ರಹವಿಲ್ಲವೆಂಬುದು ಯಾರಿಗೂ ಕೊರತೆಯಾಗಿ ಕಾಣುವುದಿಲ್ಲ. ದೇವರು ಇಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ದಕ್ಕುತ್ತಾನೆ. ನನ್ನನ್ನು ಬೆರಗುಗೊಳಿಸಿದ್ದು ಇದೇ.

ಮಂಟಪವನ್ನು ನಡೆಸುವ ಶ್ರೀರಾಮ ಸಮಾಜ 1954ರಲ್ಲಿ ಹುಟ್ಟಿದ್ದು. ಮಂಟಪವೂ ದೇವಸ್ಥಾನವೇ ಎಂದು ತಮಿಳುನಾಡು ಸರ್ಕಾರ 2013ರಲ್ಲಿ ಇದನ್ನು ಧರ್ಮಾದಾಯ ಇಲಾಖೆಯ ಸುಪರ್ದಿಗೆ ತರಲು ಆದೇಶಿಸಿತು. ಪ್ರತಿಷ್ಠೆಯಾದ ವಿಗ್ರಹವಿಲ್ಲ, ಆಗಮಪೂಜೆಯಿಲ್ಲ, ಇದು ದೇವಸ್ಥಾನವಲ್ಲ ಎಂಬುದು ಸಮಾಜದ ವಾದ. 2022ರ ಏಪ್ರಿಲ್‌ನಲ್ಲಿ ಅಧಿಕಾರಿಗಳು ಸ್ವಾಧೀನಕ್ಕೆ ಬಂದಾಗ ಬೀದಿಯಲ್ಲಿ ಪ್ರತಿಭಟನೆಯಾಯಿತು. ಅದೇ ತಿಂಗಳು ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠ ಆ ಆದೇಶವನ್ನು ರದ್ದುಪಡಿಸಿತು. ರಾಮನ ಮೇಲೆ ಅಷ್ಟು ಪ್ರೀತಿಯಿದ್ದವರೇ ‘ಇದು ಗುಡಿಯಲ್ಲ’ ಎಂದು ನ್ಯಾಯಾಲಯದಲ್ಲಿ ವಾದಿಸಿದರಲ್ಲ, ಎಂಥ ಸೋಜಿಗ!

ಗುಡಿಯ ರಾಮನೂ ದೂರವಿಲ್ಲ. ‘ದಕ್ಷಿಣ ಭದ್ರಾಚಲ’ ಎನಿಸಿಕೊಂಡ ಕೋದಂಡರಾಮನ ದೇವಾಲಯ ಇದೇ ಬಡಾವಣೆಯಲ್ಲಿದೆ. ಅಲ್ಲಿ ಅರ್ಚಕರು, ಮಂಗಳಾರತಿ, ತುಳಸೀತೀರ್ಥ; ಇಲ್ಲಿ ತಾಳ, ಹಾರ್ಮೋನಿಯಂ. ಒಂದೇ ಮನೆಯವರು ಎರಡೂ ಕಡೆ ಹೋಗಿಬರುತ್ತಾರೆ.

ಗುಡಿಯಾಚೆ ಸಂಗೀತದಲ್ಲೇ ರಾಮನನ್ನು ಪೂಜಿಸುವುದು ಬೆಂಗಳೂರಿಗರಿಗೆ ಹೊಸದಲ್ಲ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಆರಂಭಿಸಿದ ಶ್ರೀರಾಮಸೇವಾ ಮಂಡಳಿ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ರಾಮನಿಗೆ ಸಂಗೀತವನ್ನೇ ನೈವೇದ್ಯ ಮಾಡಿತು. ನಮ್ಮ ರಾಮನವಮಿಯ ಪಾನಕ, ಮಜ್ಜಿಗೆ ಅಯೋಧ್ಯಾ ಮಂಟಪದಲ್ಲಿಯೂ ಉಂಟು.

ರಾಮನವಮಿಯ ಹೊತ್ತಿಗೆ ಚೆನ್ನೈಯಲ್ಲಿದ್ದರೆ ಮೊದಲು ಕೋದಂಡರಾಮನ ದರ್ಶನ ಮಾಡಿ, ಆಮೇಲೆ ಮಂಟಪದ ನೆಲದ ಮೇಲೆ ಒಂದು ಸಂಜೆ ಕೂತುಬನ್ನಿ.