ಹನ್ನೆರಡೂವರೆಯ ಸ್ಲಾಟ್, ಘಾಟಿಯಲ್ಲಿ ಮರ

ಹನ್ನೆರಡೂವರೆಗೆ ಮನೆಯ ನೋಂದಣಿಯ ಸ್ಲಾಟ್. ಆಗಲೇ ಹನ್ನೊಂದು ದಾಟಿದೆ. ಮನೆ ಮಾರುತ್ತಿರುವ ಅಣ್ಣ-ತಂಗಿಯರಲ್ಲಿ ಸಹಿ ಹಾಕಬೇಕಾದ ತಂಗಿ ಚಾರ್ಮಾಡಿ ಘಾಟಿಯಲ್ಲಿ ಸಿಕ್ಕಿಬಿದ್ದಿದ್ದಾರೆ! ಮಲಯಮಾರುತ ಅತಿಥಿಗೃಹದ ಕೆಳಗಿನ ತಿರುವಿನಲ್ಲಿ ಮರ ಉರುಳಿ ರಾಷ್ಟ್ರೀಯ ಹೆದ್ದಾರಿ 73ರ ಉದ್ದಕ್ಕೂ ಲಾರಿ, ಬಸ್ಸು ಸಾಲುಗಟ್ಟಿವೆ. "ಗರಗಸ ತರ್ತಿದ್ದಾರಂತೆ..." ಅಷ್ಟೇ ಕೇಳಿಸಿತು. ಫೋನ್ ಕಟ್.

ಕೊಳ್ಳುವವರು ಅಕ್ಕ ಮತ್ತು ಭಾವ. ಅವರ ಜೊತೆ ನಾನೂ ಕತ್ತಲಿರುವಾಗಲೇ ಸಂಸೆ ಬಿಟ್ಟಿದ್ದೆ. ಕಳಸದಲ್ಲಿ ಭದ್ರೆ ಕೆಂಪಗೆ ಭೋರ್ಗರೆಯುತ್ತಿದ್ದಳು. ಕೊಟ್ಟಿಗೆಹಾರದವರೆಗೂ ಬಾನೆಟ್ ಕಾಣದಷ್ಟು ಮಂಜು. ಭಾವ ಕಾಗದದ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಅವರು ಬೆಳೆದದ್ದು ಕುದುರೆಮುಖದ ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು, ಊರೇ ಖಾಲಿಯಾಯಿತು. ಆಡಿ ಬೆಳೆದ ಆ ಮನೆಯನ್ನು ಕೊಳ್ಳುವ ಮಾತೇ ಇರಲಿಲ್ಲ. ಬೆಟ್ಟ ಕಾಣುವ ಕಡೆ ಸ್ವಂತದ್ದೊಂದು ಮನೆ ಬೇಕೆಂಬ ಹಂಬಲ ಅಂದಿನದು.

ಅರ್ಧ ಯುದ್ಧ ಮೊದಲೇ ಮುಗಿದಿತ್ತು. ಋಣಭಾರ ಪತ್ರ ತೆಗೆಸಿ, ಹಿಂದಿನ ದಿನ ಮತ್ತೊಮ್ಮೆ ನೋಡಿದ್ದೆವು. ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11 ಬಂದಿದ್ದವು. ಮೂಲ ಜಮೀನಿನ ಪಹಣಿಯ 11ನೇ ಕಾಲಂನಲ್ಲಿ ಕಾಫಿ ಸಾಲವೊಂದು ಅಡಗಿ ಕೂತಿತ್ತು. ತೀರುವಳಿ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಬಿಟ್ಟಿರಲಿಲ್ಲ. ಅರಣ್ಯದ ಗಡಿಕಲ್ಲು ಎಲ್ಲಿದೆ, ಗೇಟಿನವರೆಗಿನ ದಾರಿ ಯಾರ ಹೆಸರಲ್ಲಿದೆ ಎಂದು ಸರ್ವೆಯವರ ಜೊತೆ ಜಿಗಣೆ ಕಚ್ಚಿಸಿಕೊಂಡು ನಡೆದಿದ್ದೆವು. ಈ ಗುಡ್ಡಗಳಲ್ಲಿ ಮನೆ ಕೊಳ್ಳುವವರು ಗೋಡೆಗಿಂತ ಮೊದಲು ನೋಡಬೇಕಾದದ್ದು ದಾರಿಯನ್ನೇ. ಕ್ರಯಪತ್ರದ ಕರಡನ್ನು ನೋಂದಣಿ ಇಲಾಖೆಯ ಕಾವೇರಿ 2.0 ತಾಣಕ್ಕೆ ಏರಿಸಿ, ಅದು ಒಪ್ಪಿಗೆಯಾಗಿ, ಶುಲ್ಕ ಕಟ್ಟಿದ ಮೇಲಷ್ಟೇ ಸ್ಲಾಟ್. 40 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ. 5.65, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು 3,06,000 ರೂಪಾಯಿ!

ಹನ್ನೊಂದೂವರೆ. ಮೂಡಿಗೆರೆಯ ಕಚೇರಿಯ ಮೆಟ್ಟಿಲ ಮೇಲೆ ಬ್ರೋಕರ್ ಹತ್ತಿರ ಸರಿದ. "ಖಾತೆ ಅಣ್ಣನ ಹೆಸರಲ್ಲೇ ಇದೆಯಲ್ಲ ಸಾರ್. ಇವತ್ತು ರಿಜಿಸ್ಟ್ರಿ ಮುಗಿಸಿಬಿಡಿ. ತಂಗಿ ಹತ್ರ ಒಪ್ಪಿಗೆ ಆಮೇಲೆ ಬರೆಸ್ಕೊಳ್ಳೋಣ."

ಘಾಟಿಯ ಪ್ರಪಾತಕ್ಕಿಂತ ಆಳವಾದ ಪ್ರಪಾತ ಇದು! ಖಾತೆ ತೆರಿಗೆಯ ದಾಖಲೆ, ಒಡೆತನವಲ್ಲ. ಮನೆ ಪಿತ್ರಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಅದು ಹುಟ್ಟಿನಿಂದಲೇ ಬರುವ ಹಕ್ಕು, ತಂದೆ ಮೊದಲೇ ತೀರಿಕೊಂಡಿದ್ದರೂ ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಆಕೆಯ ಸಹಿಯಿಲ್ಲದೆ ಕೊಂಡರೆ ನಾಳೆ ಕೋರ್ಟಿನ ಕಟ್ಟೆಯೇ ಗತಿ.

ಭಾವ ತಡವರಿಸಿದರು. ಅಕ್ಕ ತಡವರಿಸಲಿಲ್ಲ. "ಅವರು ಬರದೆ ನಾನು ಹೆಬ್ಬೆಟ್ಟೂ ಒತ್ತಲ್ಲ. ಸ್ಲಾಟ್ ಹೋದ್ರೆ ಇನ್ನೊಂದು ತಗೊಳ್ಳೋಣ. ಬರೆದ ಪತ್ರ ಹಾಜರುಪಡಿಸೋಕೆ ನಾಲ್ಕು ತಿಂಗಳ ಅವಕಾಶ ಇದೆ."

ಹನ್ನೆರಡು. ಮಳೆ ಜೋರಾಯಿತು. ಹನ್ನೆರಡೂಕಾಲು. ಫೋನ್ ಹತ್ತುತ್ತಿಲ್ಲ. ಅಷ್ಟರಲ್ಲಿ ಕೆಸರು ಮೆತ್ತಿದ ಜೀಪೊಂದು ಗಕ್ಕನೆ ನಿಂತಿತು! ಸೆರಗಿನಿಂದ ನೀರು ಸುರಿಸುತ್ತಲೇ ಇಳಿದ ಆಕೆ ಕೇಳಿದ ಮೊದಲ ಮಾತು: "ನನ್ನ ಪಾಲಿನ ಡಿಡಿ ನನ್ನ ಹೆಸರಲ್ಲೇ ಇದೆ ಅಲ್ವಾ?" ಅಕ್ಕ ಡಿಡಿಯನ್ನು ಅವರ ಕಣ್ಣ ಮುಂದೆ ಹಿಡಿದಳು.

ಒಳಗೆ ಕೂಗಿದರು. ಆಧಾರ್, ಫೋಟೊ, ಸಾಕ್ಷಿಗಳು. ಆಕೆಯ ಸರದಿ. ಮಳೆಯಲ್ಲಿ ನೆನೆದು ಸುಕ್ಕುಗಟ್ಟಿದ ಹೆಬ್ಬೆರಳನ್ನು ಯಂತ್ರ ಒಪ್ಪುತ್ತಿಲ್ಲ! ಒರೆಸಿದರು, ಒತ್ತಿದರು. ಕೆಂಪು. ಮತ್ತೆ ಕೆಂಪು. ಹಿಂದಿನ ಸಾಲಿನವರು ಗೊಣಗತೊಡಗಿದರು. ಭಾವ ಕೈವಸ್ತ್ರ ಕೊಟ್ಟರು, ಆಕೆ ಬೆರಳನ್ನು ಉಜ್ಜಿ ಉಜ್ಜಿ ಬಿಸಿ ಮಾಡಿಕೊಂಡು ಒತ್ತಿದರು.

ಹಸಿರು!

ದಸ್ತಾವೇಜಿಗೆ ನಂಬರು ಬಿತ್ತು, ಡಿಡಿಗಳು ಕೈ ಬದಲಿಸಿದವು, ಬೀಗದ ಕೈ ಅಕ್ಕನಿಗೆ ಬಂತು. ಸೋಮವಾರ ಖಾತೆ ಬದಲಾವಣೆಗೆ ಪಂಚಾಯಿತಿಗೆ, ಮೀಟರಿನ ಹೆಸರು ಬದಲಿಸಲು ಮೆಸ್ಕಾಂಗೆ ಹೋಗಬೇಕು.