ಕೇಪಿನ ಕೋವಿಯ ಒಂದು ಈಡು

ತೋಟೆ ಕೋವಿಯ ಮದ್ದನ್ನು ಕಾರ್ಖಾನೆಯವರು ತುಂಬಿ ಕಳಿಸುತ್ತಾರೆ. ಕೇಪಿನ ಕೋವಿಯಲ್ಲಿ, ಅಂದರೆ ಬಾಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವ ಕೋವಿಯಲ್ಲಿ, ಪ್ರತಿ ಈಡನ್ನೂ ಹೊಡೆಯುವವನೇ ಕಟ್ಟಬೇಕು. ಮದ್ದೆಷ್ಟು, ನಾರೆಷ್ಟು, ಗಜವೆಂಬ ಸರಳಿನಿಂದ ಎಷ್ಟು ಬಿಗಿಯಾಗಿ ಜಡಿಯಬೇಕು, ಎಲ್ಲ ಅವನ ಕೈಯಲ್ಲೇ. ನನಗೆ ಇದು ಇಷ್ಟವಾಗಿದ್ದು ಅದಕ್ಕೇ.

ಶಿವಮೊಗ್ಗ ಬಳಿಯ ಆಯನೂರಿನ ಆಸುಪಾಸಿನ ರೈತರ ಮನೆಗಳಲ್ಲಿ ಬೆಳೆ ಕಾಯಲು ಲೈಸನ್ಸು ಪಡೆದ ಒಂಟಿನಳಿಗೆ ಕೋವಿಗಳಿದ್ದವು. ಚುನಾವಣೆ ಬಂದರೆ ಠಾಣೆಗೆ ಹೋಗಿ, ಮುಗಿದ ಮೇಲೆ ಮನೆಗೆ ಬರುತ್ತಿದ್ದವು. ಆಯುಧಪೂಜೆಗೆ ಕತ್ತಿ, ಗುದ್ದಲಿಗಳ ಸಾಲಿನಲ್ಲಿ ಅವಕ್ಕೂ ಕುಂಕುಮ. ನಮ್ಮದು ದೊಡ್ಡಪ್ಪನ ಹೆಸರಿನಿಂದ ನನ್ನ ಹೆಸರಿಗೆ ಬಂದದ್ದು. ಕಲಿಸಿದವರೂ ಅವರೇ.

ಮೊದಲು ಗಜ ಇಳಿಬಿಟ್ಟು ನಳಿಗೆ ಖಾಲಿಯೇ ಎಂದು ನೋಡಿಸಿದರು. "ಈಗ ಬರೀ ಕೇಪು ಹೊಡಿ ಮಾರಾಯ, ತೂತು ಕಟ್ಟಿದ್ಯಾ ನೋಡಣ" ಎಂದರು. ನಳಿಗೆಯ ಬಾಯೆದುರಿನ ಒಣ ಎಲೆ ಅಲುಗಿದರೆ ಕೇಪಿನ ಕಿಡಿಯ ದಾರಿ ತೆರೆದಿದೆ ಎಂದರ್ಥ. ಆಮೇಲೆ ಮದ್ದು. ಡಬ್ಬಿಯಿಂದ ನೇರ ಸುರಿಯುವಂತಿಲ್ಲ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಡಬ್ಬಿಯೇ ಸಿಡಿದೀತು. ಅಳತೆಯ ಕೊಳವೆಗೆ ಸುರಿದುಕೊಂಡು, ಅಲ್ಲಿಂದ ನಳಿಗೆಗೆ. ಮೇಲೆ ತೆಂಗಿನ ನಾರು, ಗುಂಡು. ಗುಂಡು ಮದ್ದಿನ ಮೇಲೆ ಕೂತೇ ಇರಬೇಕು. ನಡುವೆ ಜಾಗ ಉಳಿದರೆ ನಳಿಗೆ ಒಡೆಯಬಹುದು. ಕೇಪು ಎಲ್ಲಕ್ಕಿಂತ ಕೊನೆಗೆ, ಮಣ್ಣಿನ ಧರೆಯ ಕಡೆ ಗುರಿ ಹಿಡಿದ ಮೇಲೆ.

ಕೋವಿಯ ಸುತ್ತಿಗೆ, ಅಂದರೆ ಕುದುರೆ, ಬಿದ್ದು ಕೇಪು ಸಿಡಿದ ಮರುಕ್ಷಣ ಭುಜಕ್ಕೊಂದು ದೊಡ್ಡ ತಳ್ಳು. ಮುಂದೆ ಬಿಳಿ ಹೊಗೆ, ಗಂಧಕದ ವಾಸನೆ. ಗುಂಡು ತಾಗಿತೋ ಇಲ್ಲವೋ ಹೊಗೆ ಸರಿಯುವವರೆಗೂ ತಿಳಿಯದು. ಗಾಳಿಯಿಲ್ಲದ ಬೆಳಿಗ್ಗೆ ಅಡಿಕೆ ಮರಗಳ ನಡುವೆ ಆ ಹೊಗೆ ಬಹಳ ಹೊತ್ತು ನಿಂತಿರುತ್ತದೆ, ಆ ಕಾಯುವಿಕೆ ನನಗೆ ಬಲು ಹಿತ. ಈಡು ಹಾರದಿದ್ದರೆ ಮಾತ್ರ ಒಂದು ನಿಮಿಷವಾದರೂ ನಳಿಗೆಯನ್ನು ಧರೆಯತ್ತಲೇ ಹಿಡಿದಿರಬೇಕು, ತಡವಾಗಿ ಹಾರುವುದುಂಟು.

ಕರಿಮದ್ದೆಂದರೆ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಅದು ಈ ಸೀಮೆಗೆ ಹಳೆಯ ಪರಿಚಯ. ಆಯನೂರಿನಿಂದ ರಿಪ್ಪನ್‌ಪೇಟೆ, ಹೊಸನಗರ ದಾಟಿದರೆ ನಗರ ಎಂಬ ಊರು. ಅಲ್ಲಿನ ಬಾವಿಯೊಂದರಲ್ಲಿ 2018ರಲ್ಲಿ ಟಿಪ್ಪು ಕಾಲದ್ದೆನ್ನುವ ಸಾವಿರಕ್ಕೂ ಹೆಚ್ಚು ಯುದ್ಧರಾಕೆಟ್‌ಗಳು ಸಿಕ್ಕವು. ಇಂಗ್ಲಿಷರ 1853ರ ಎನ್‌ಫೀಲ್ಡ್ ರೈಫಲ್ ಕೂಡ ನಮ್ಮದರಂತೆ ಬಾಯಿಂದಲೇ ಮದ್ದು ತುಂಬುವ ಕೋವಿ. ಅದರ ನಳಿಗೆಯೊಳಗೆ ಸುರುಳಿ ಗೀರುಗಳಿದ್ದವು, ಗುಂಡು ತಿರುಗುತ್ತ ದೂರಕ್ಕೆ ನೇರ ಹೋಗುತ್ತಿತ್ತು. ನಮ್ಮ ನಾಡಕೋವಿಯ ನಳಿಗೆ ನುಣುಪು. ಅದರ ಗುರಿಯನ್ನು ಹತ್ತಿರದಲ್ಲಷ್ಟೇ ನಂಬಬಹುದು.

ನನಗೆ ಹೊಡೆಯುವುದಕ್ಕಿಂತ ತೊಳೆಯುವುದೇ ಹೆಚ್ಚು ಇಷ್ಟ. ಕರಿಮದ್ದಿನ ಮಸಿ ಉಪ್ಪಿನದು, ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು. ಕುದಿನೀರು ಹುಯ್ದು ಬಟ್ಟೆ ಸುತ್ತಿದ ಗಜ ಆಡಿಸಿದರೆ ನೀರು ಕಪ್ಪಾಗಿ, ಬೂದುಬಣ್ಣವಾಗಿ, ಕೊನೆಗೆ ತಿಳಿಯಾಗಿ ಬರುತ್ತದೆ. ಬಿಸಿಗೆ ಕಬ್ಬಿಣ ತಾನೇ ಒಣಗುತ್ತದೆ. ಒಂದು ಕೈ ಎಣ್ಣೆ ಹಚ್ಚಿದರೆ ಸಾಕು.

ಕೊಡಗಿನಲ್ಲಿ ಆಯುಧಪೂಜೆಯಂಥ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಕೊಡವರಿಗೂ ಅಲ್ಲಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸನ್ಸಿನ ವಿನಾಯಿತಿಯಿದೆ, ನಮಗಿಲ್ಲ. ನಮ್ಮ ಪಕ್ಕದಲ್ಲೇ ಶೆಟ್ಟಿಹಳ್ಳಿ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತಿಲ್ಲ, ಇರಲೂಬಾರದು. ಈ ಕೋವಿ ಕಲಿಯುವ ಆಸೆಯಿದ್ದರೆ ಎಲ್ಲಿ ಗುರಿ ಅಭ್ಯಾಸ ಮಾಡಬಹುದೆಂದು ಠಾಣೆಯಲ್ಲಿ ಕೇಳಿಯೇ ಶುರುಮಾಡಿ. ಅಟ್ಟದ ಮೇಲೆ ಹಳೆಯ ಕೋವಿ ಸಿಕ್ಕರೆ ಕುದುರೆ ಎಳೆದು ನೋಡಬೇಡಿ, ಠಾಣೆಗೆ ತಿಳಿಸಿ, ಬಲ್ಲವರನ್ನು ಕರೆಸಿ. ಅಜ್ಜ ತುಂಬಿಟ್ಟ ಈಡು ಇನ್ನೂ ಅದರೊಳಗೇ ಇರಬಹುದು.