ಮನೆಯೊಳಗಣ ಹಗೆ

ಕಾಡಿನ ರೋಗಕ್ಕೆ ಅಂಜುವುದು ನಮ್ಮ ಜಿಲ್ಲೆಯವರಿಗೆ ಹಿರಿಯರಿಂದ ಬಂದ ಅಭ್ಯಾಸ. ನಮ್ಮ ತಂದೆಯವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿದ ಕಾಲದಲ್ಲಿ, ಮಲೆನಾಡ ಚಳಿಜ್ವರಕ್ಕೆ ಹೆದರಿ ಬಯಲುಸೀಮೆಯವರು ಈ ಕಡೆಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರಂತೆ. ಬೆಟ್ಟದ ತಿಳಿನೀರಿನ ತೊರೆಗಳಲ್ಲಿ ಬೆಳೆಯುವ ಅನಾಫಿಲಿಸ್ ಸೊಳ್ಳೆಯೇ ಆ ಜ್ವರವನ್ನು ಹರಡುತ್ತಿದ್ದಿತು. ಬಳಿಕ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಉಣ್ಣಿಯ ಕಡಿತದಿಂದ ಮನುಷ್ಯರಿಗೂ ಹೊಸದೊಂದು ಜ್ವರ ಬಂದಿತು. ಆದಕಾರಣ ಕಾಡಿನಿಂದ ದೂರವಿದ್ದರೆ ಕ್ಷೇಮವೆಂದೇ ನಾವು ನಂಬಿದ್ದೆವು.

2024ರ ಮಳೆಗಾಲದಲ್ಲಿ ಆ ನಂಬಿಕೆ ಮುರಿಯಿತು. ಶಿವಮೊಗ್ಗದ ನಮ್ಮ ಮನೆಯಲ್ಲಿ ಒಂಬತ್ತು ವರುಷದ ಮೊಮ್ಮಗಳು ಜ್ವರದಿಂದ ಮಲಗಿದಳು. ರಕ್ತಪರೀಕ್ಷೆಯಲ್ಲಿ ಡೆಂಗೀ ಎಂದು ತಿಳಿಯಿತು. ನಾಲ್ಕನೆಯ ದಿನ ಮೈ ತಣ್ಣಗಾದಾಗ ನಾವು ದೇವರಿಗೆ ತುಪ್ಪದ ದೀಪ ಹಚ್ಚಿದೆವು. ವೈದ್ಯರಾದರೋ, "ಜ್ವರ ಇಳಿದ ಮೇಲೆಯೇ ಎಚ್ಚರವಿರಬೇಕು" ಎಂದಿದ್ದರು. ಆ ಸಂಜೆಯೇ ಮಗು ಹೊಟ್ಟೆನೋವೆಂದು ಅತ್ತು ಮೂರು ಬಾರಿ ವಾಂತಿ ಮಾಡಿತು. ಒಡನೆಯೇ ಆಸ್ಪತ್ರೆಗೆ ಒಯ್ದುದರಿಂದ ಉಳಿಯಿತು. ಈ ರೋಗಾಣುವನ್ನು ಕೊಲ್ಲುವ ಔಷಧವಿಲ್ಲ. ಸಕಾಲದ ಆರೈಕೆಯೇ ಚಿಕಿತ್ಸೆ. ವೈದ್ಯರನ್ನು ಕೇಳದೆ ಆಸ್ಪಿರಿನ್ನಿನಂತಹ ನೋವಿನ ಮಾತ್ರೆ ಕೊಟ್ಟರೆ ರಕ್ತಸ್ರಾವದ ಭಯ ಹೆಚ್ಚುವುದೆಂಬುದನ್ನು ತಾಯಂದಿರು ನೆನಪಿಡಬೇಕು.

ನಾವು ಬೀದಿಯ ಚರಂಡಿಯನ್ನು ಬೈದೆವು. ಮನೆ ನೋಡಲು ಬಂದ ಆಶಾ ಕಾರ್ಯಕರ್ತೆ ಚರಂಡಿಯ ಕಡೆಗೆ ತಿರುಗಲೇ ಇಲ್ಲ. ನೆಟ್ಟಗೆ ಹಿತ್ತಿಲಿಗೆ ನಡೆದು, ನಲ್ಲಿಯಲ್ಲಿ ನೀರು ಬಾರದ ದಿನಕ್ಕೆಂದು ನಾವೇ ತುಂಬಿಟ್ಟಿದ್ದ ಡ್ರಮ್ಮಿಗೆ ಬೆಳಕು ಹಿಡಿದಳು. ಹುಳುಗಳು ತಲೆಕೆಳಗಾಗಿ ತೂಗಾಡುತ್ತಿದ್ದವು! ಮೂಲೆಯ ಒರಳುಕಲ್ಲಿನಲ್ಲಿ, ಬಿದ್ದ ಅಡಿಕೆಹಾಳೆಯಲ್ಲಿ ಸಹ ಅವೇ. ನಮಗೆ ಮಾತು ಹೊರಡಲಿಲ್ಲ.

ಡೆಂಗೀ ತರುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚತಕ್ಕದ್ದು. ಕೊಳಚೆಗಿಂತ ತಿಳಿನೀರನ್ನೇ ಮೆಚ್ಚತಕ್ಕದ್ದು. ನೀರಿನ ಅಂಚಿಗಿಂತ ತುಸು ಮೇಲೆ ಪಾತ್ರೆಯ ಮೈಗೆ ಮೊಟ್ಟೆಯನ್ನು ಅಂಟಿಸುವುದು. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯದೆ, ನೀರು ತಾಗಿದೊಡನೆ ಒಡೆಯುವುದು. ನೀರು ಚೆಲ್ಲಿದರೆ ಸಾಲದು, ಪಾತ್ರೆಯನ್ನು ತಿಕ್ಕಲೇಬೇಕು. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಹಿಡಿಯುವುದರಿಂದ ವಾರಕ್ಕೊಮ್ಮೆ ತಿಕ್ಕಿದರೆ ಅದರ ಸಂತತಿ ನಿಲ್ಲುವುದು.

ಮಲೇರಿಯಾದ ಗುಟ್ಟನ್ನು 1897ರಲ್ಲಿ ಬಿಡಿಸಿದ ರೊನಾಲ್ಡ್ ರಾಸ್ ಮಹಾಶಯನು, ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ತನ್ನ ಕಿಟಕಿಯ ಹೊರಗಿನ ತೊಟ್ಟಿಯನ್ನು ಬರಿದುಮಾಡಿ ಸೊಳ್ಳೆಯ ಕಾಟವನ್ನು ತಗ್ಗಿಸಿಕೊಂಡಿದ್ದನು. ಅವನ ಹೆಸರನ್ನೇ ಕೇಳದ ನಮ್ಮ ತಾಯಿಯವರು ಭದ್ರಾವತಿಯ ಮನೆಯಲ್ಲಿ ಪ್ರತಿ ಶುಕ್ರವಾರವೂ ಹಂಡೆ ತೊಟ್ಟಿಗಳನ್ನು ಬರಿದುಮಾಡಿ, ತೆಂಗಿನ ನಾರು ಬೂದಿಗಳಿಂದ ತಿಕ್ಕಿ, ಬಿಸಿಲಿಗೆ ಒಣಗಿಸುತ್ತಿದ್ದರು. ಮಡಿಯ ಹುಚ್ಚೆಂದು ನಾವು ನಗುತ್ತಿದ್ದೆವು. ಪ್ಲಾಸ್ಟಿಕ್ ಡ್ರಮ್ಮು ಬಂದಿತು, ಶುಕ್ರವಾರದ ಕೆಲಸ ತಪ್ಪಿತು.

ಡೆಂಗೀ ರೋಗಾಣುವಿನಲ್ಲಿ ನಾಲ್ಕು ಬಗೆಗಳುಂಟು. ಒಮ್ಮೆ ಬಂದವರಿಗೆ ಮತ್ತೊಂದು ಬಗೆ ತಗುಲಿದರೆ ಮೊದಲಿಗಿಂತ ಉಗ್ರವಾಗಬಹುದು. ಆದ್ದರಿಂದ ಮೊಮ್ಮಗಳು ಎದ್ದು ಓಡಾಡುತ್ತಿದ್ದರೂ ನಮ್ಮ ಭಯ ತೀರಿಲ್ಲ. ಶುಕ್ರವಾರ ಬೆಳಗ್ಗೆ ಅವಳೇ ನಾರು ಹಿಡಿದು ಹಿತ್ತಿಲಿಗೆ ಬರುವಳು. ನಾವು ಡ್ರಮ್ಮು ಬೋರಲು ಹಾಕುವೆವು, ಅವಳು ತಿಕ್ಕುವಳು.